ನಾದಿನಿಯ ಅಳತೆ

ನಮ್ಮ ಮನೆಯಲ್ಲಿ ಬ್ರಾ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಅದಕ್ಕೆ ‘ಬಾಡಿ’ ಎಂದೇ ಹೆಸರು. ತೊಳೆದ ಮೇಲೆ ತಂತಿಗೆ ಹಾಕಿ, ಯಾರ ಕಣ್ಣಿಗೂ ಬೀಳದಂತೆ ಮೇಲೊಂದು ಲಂಗ ಹೊದಿಸುವುದು ರೂಢಿ. ಒಂದು ಮಧ್ಯಾಹ್ನ ನಾಲ್ಕು ಹನಿ ಬಿದ್ದವೆಂದು ಕುಷಾಯಿಗೂಡದ ನಮ್ಮ ಮನೆಯ ಮಾಳಿಗೆಗೆ ಓಡಿ ಬಟ್ಟೆ ಎಳೆದುಕೊಳ್ಳುವಾಗ, ಲಂಗದ ಅಡಿಯಿಂದ ನನ್ನ ನಾದಿನಿಯ ಬಾಡಿ ಕೈಗೆ ಬಂತು. ಭುಜದ ಪಟ್ಟಿಗಳಿಗೆ ಒಂದೊಂದು ಗಂಟು ಹಾಕಿದ್ದಳು. ಬೆನ್ನಿನ ಕಡೆ ಎರಡು ಪಿನ್ನು. ಇಷ್ಟು ಕಟ್ಟಿ ಬಿಗಿದಿದ್ದರೂ ಅದು ಕೈಯಲ್ಲಿ ಸಡಿಲವಾಗಿ ಜೋತಾಡುತ್ತಿತ್ತು.

ಆಗ ಊರ ತುಂಬ ಸಾಫ್ಟ್‌ವೇರಿನದೇ ಮಾತು. ಅಮೀರ್‌ಪೇಟೆಯ ಗೋಡೆ, ಕಂಬ, ಮೆಟ್ಟಿಲು, ಎಲ್ಲೆಲ್ಲೂ ಜಾವಾ ಕಲಿಸುವವರ ಚೀಟಿ. ನನ್ನ ಗಂಡನ ತಂಗಿ ಬಾಗಲಕೋಟೆಯಲ್ಲಿ ಪದವಿ ಮುಗಿಸಿ ಬಂದು, ನಮ್ಮಲ್ಲಿ ಇದ್ದುಕೊಂಡು, ದಿನಾ ಎರಡು ಬಸ್ಸು ಬದಲಿಸಿ ಅಲ್ಲಿಗೆ ಕಲಿಯಲು ಹೋಗುತ್ತಿದ್ದಳು. ಉದ್ದನೆಯ ಹುಡುಗಿ, ಲೆಕ್ಕದಲ್ಲಿ ಚುರುಕು. ಆದರೆ ನಡೆಯುವಾಗ ಫೈಲನ್ನು ಎದೆಗೆ ಅವುಚಿಕೊಂಡೇ ನಡೆಯುವಳು. ಮೇಲಿನ ಕಪಾಟಿನಿಂದ ಡಬ್ಬ ಬೇಕೆಂದರೆ, ಕೈಗೆ ಎಟುಕುವಂತಿದ್ದರೂ ಸ್ಟೂಲು ಎಳೆದುಕೊಳ್ಳುವಳು. ಇದನ್ನೆಲ್ಲ ನೋಡಿಯೂ ನಾನು ಯೋಚಿಸಿರಲಿಲ್ಲ.

ಹಿಂದಿನ ರಾತ್ರಿಯಷ್ಟೇ ಅವಳು ಊಟದ ತಟ್ಟೆಯ ಮುಂದೆ, “ವೈನಿ, ನಾ ಊರಿಗೆ ಹೋಗ್ತೀನ್ರಿ. ಈ ಕೋರ್ಸು ನನ್ನ ಕೈಲೆ ಆಗಂಗಿಲ್ಲ” ಎಂದಿದ್ದಳು.

“ಯಾಕ, ತಿಳಿಯವಲ್ದೇನು?”

“ತಿಳಿತೈತ್ರಿ. ಬೋರ್ಡಿನ ಮ್ಯಾಲೆ ಬರಿ ಅಂತಾರ.”

ಪ್ರತಿ ಶನಿವಾರ ಒಬ್ಬೊಬ್ಬರೂ ಎಲ್ಲರೆದುರು ಒಂದು ಪ್ರೋಗ್ರಾಮು ಬರೆದು ತೋರಿಸಬೇಕಂತೆ. ಎರಡು ಸಲ ತಲೆನೋವೆಂದು ತಪ್ಪಿಸಿಕೊಂಡಿದ್ದಳು. ಮೂರನೆಯ ಸಲವೂ ಬರೆಯದಿದ್ದರೆ ಇಂಟರ್‌ವ್ಯೂಗೆ ಹೆಸರು ಕಳಿಸುವುದಿಲ್ಲ ಎಂದು ಸರ್ ಹೇಳಿಬಿಟ್ಟಿದ್ದರು. ಆ ಶನಿವಾರಕ್ಕೆ ನಾಲ್ಕೇ ದಿನ ಉಳಿದಿದ್ದವು.

ಆ ಸಂಜೆ ಅವಳು ಕ್ಲಾಸಿನಿಂದ ಬಂದ ಮೇಲೆ, ಗಂಟು ಹಾಕಿದ ಬಾಡಿಯನ್ನು ಮಡಿಲಲ್ಲಿಟ್ಟುಕೊಂಡು ಅವಳ ಹತ್ತಿರ ಕೂತೆ. ಕಾನ್ವೆಂಟಿನಲ್ಲಿ ಓದಿದ ನನಗೆ ಇಂಥ ಮಾತು ಎತ್ತಲು ನಾಲಗೆ ಹೊರಳುವುದಿಲ್ಲ. “ಇದಕ್ಕ ಏನಾಗೈತಿ?” ಎಂದಷ್ಟೇ ಕೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು.

“ಕೈ ಎತ್ತಿದ್ರ ಸಾಕು, ಇದು ಮ್ಯಾಲೆ ಏರ್ತೈತ್ರಿ. ಇಳಿಸ್ಕೊಳ್ಳಾಕ ಬರಂಗಿಲ್ಲ. ಹಿಂದ ನಲವತ್ತು ಹುಡುಗ್ರು ಕುಂತಿರ್ತಾರ. ನನ್ನ ಮೈನೇ ಸರಿ ಇಲ್ರಿ ವೈನಿ.”

ಮೈ ಸರಿಯಾಗಿಯೇ ಇತ್ತು. ನಮ್ಮತ್ತೆ ಬಾಗಲಕೋಟೆಯ ಸಂತೆಯಿಂದ ವರ್ಷಕ್ಕೊಮ್ಮೆ ಡಜನ್ ಲೆಕ್ಕದಲ್ಲಿ ಬಾಡಿ ತರುತ್ತಿದ್ದರು. ಮಗಳಿಗೆ, ಸೊಸೆಯರಿಗೆ, ತಮಗೆ, ಎಲ್ಲರಿಗೂ ಒಂದೇ ನಂಬರು. ಯಾರಾದರೂ ಗೊಣಗಿದರೆ, “ಒಗದ ಮ್ಯಾಲೆ ಸರಿ ಹೋಗ್ತೈತಿ” ಎನ್ನುವರು. ಗಿಡ್ಡಗೆ ಅಗಲವಾಗಿರುವ ನಾನೂ, ಉದ್ದಕ್ಕೆ ಸಪೂರವಾಗಿ ಎದೆ ತುಂಬಿದ ಅವಳೂ ಅಷ್ಟು ವರ್ಷ ಅದೇ ಮೂವತ್ತಾರನ್ನು ತೊಟ್ಟಿದ್ದೆವು.

ಸಿಸ್ಟರ್‌ಗಳ ಹೊಲಿಗೆ ಪಾಠದಲ್ಲಿ ನನಗೆ ಯಾವಾಗಲೂ ಒಳ್ಳೆಯ ಅಂಕ ಬೀಳುತ್ತಿತ್ತು. ಆ ಧೈರ್ಯದಲ್ಲಿ ಟೇಪು ತಂದು, ಫ್ರಾಕಿಗೆ ಅಳತೆ ತೆಗೆಯುವ ಹಾಗೆ ಅವಳ ಎದೆಯ ಮೇಲಿಂದ ಸುತ್ತಿದೆ. ಮೂವತ್ತೆಂಟು ಬಂತು. “ನೋಡು, ಸಣ್ಣದಾಗಿತ್ತು, ಅದಕ್ಕ” ಎಂದು ಗೆದ್ದವಳಂತೆ ಹೇಳಿ, ಹತ್ತಿರದ ಅಂಗಡಿಯಿಂದ ಮೂವತ್ತೆಂಟು ತಂದುಕೊಟ್ಟೆ. ಅವಳು ತೊಟ್ಟು ಕನ್ನಡಿಯ ಮುಂದೆ ಕೈ ಎತ್ತಿದಳು. ಹಿಂದಿನ ಪಟ್ಟಿ ಹೆಗಲ ಮೂಳೆಯ ತನಕ ಏರಿತು.

“ವೈನಿ, ಇನ್ನೊಂಚೂರು ಏರಿದ್ರ ಸರಾ ಮಾಡ್ಕೋಬಹುದು.”

ಇಬ್ಬರೂ ನಕ್ಕೆವು. ಆದರೆ ನನಗೆ ಒಳಗೊಳಗೆ ಹೆದರಿಕೆಯಾಯಿತು. ಒಂದು ದಿನ ಹಾಳಾಗಿತ್ತು.

ಗುರುವಾರ ಅಬಿಡ್ಸ್‌ನ ಪೇಟೆಗೆ ಹೊರಟೆವು. ಅಲ್ಲಿಗೂ ಅವಳು ಫೈಲು ಅವುಚಿಕೊಂಡೇ ಹೊರಟಳು. “ಏನು ತರಾಕ?” ಎಂದು ನನ್ನ ಗಂಡ ಕೇಳಿದರು. “ಅರಿವಿ” ಎಂದೆ, ಬಟ್ಟೆ ಎಂದಷ್ಟೇ ತಿಳಿಯಲೆಂದು. “ಎಂಥಾ ಅರಿವಿ?” ಎಂದದ್ದಕ್ಕೆ ತಂಗಿ, “ನಿನಗ ಬರೂದಲ್ಲ ಬಿಡಣ್ಣಾ” ಎಂದಳು. ಅವರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡರು.

ಮೂರು ಅಂಗಡಿ ಹೊಕ್ಕು ಹೊರಬಂದೆವು. ಕೌಂಟರಿನ ಹಿಂದೆ ಗಂಡಸರು. ಒಬ್ಬ ದೂರದಿಂದಲೇ ನಾದಿನಿಯ ಕಡೆ ಒಮ್ಮೆ ನೋಡಿ ನಂಬರು ಹೇಳಿದ. ಅವಳು ದುಪಟ್ಟಾ ಎಳೆದುಕೊಂಡು ನನಗಿಂತ ಮುಂಚೆ ಬೀದಿಗಿಳಿದಳು. ನಾಲ್ಕನೆಯದರಲ್ಲಿ ಮೇಲ್ಮಹಡಿಗೆ ಹೋಗಿ ಎಂದರು. ಮೇಲೆ ಪರದೆ ಕಟ್ಟಿದ ಒಂದು ಕೋಣೆ, ಬರೀ ಹೆಂಗಸರು. ಕೊರಳಲ್ಲಿ ಟೇಪು ಹಾಕಿಕೊಂಡ ಒಬ್ಬ ವಯಸ್ಸಾದ ಬೀಬಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದರು.

“ಕ್ಯಾ ನಂಬರ್, ಮಾ?”

“ಅಡತೀಸ್” ಎಂದೆ, ಮೂವತ್ತೆಂಟು.

“ಈ ಬಚ್ಚಿಗಾ? ನಕ್ಕೋ, ನಕ್ಕೋ!” ಎಂದು, ಬೇಡವೆನ್ನುವಂತೆ ಕೈಯಾಡಿಸುತ್ತ ಬೀಬಿ ಎದ್ದೇ ಬಂದರು. ಅವರು ಟೇಪನ್ನು ಮೊದಲು ಸುತ್ತಿದ್ದು ಎದೆಯ ಮೇಲಲ್ಲ, ಅದರ ಕೆಳಗೆ, ಪಕ್ಕೆಲುಬಿನ ಸುತ್ತ, ಬಿಗಿಯಾಗಿ. ಅಲ್ಲಿ ಮೂವತ್ಮೂರು. ಆಮೇಲೆ ಮೇಲೆ. “ನಂಬರು ಕೆಳಗಿನದು. ಮೇಲಿನದು ಕಪ್‌ಗೆ, ಬಟ್ಟಲಿನ ಅಳತೆಗೆ” ಎಂದು ತಮ್ಮ ಹಿಂದಿಯಲ್ಲಿ ತಿಳಿಸಿಕೊಟ್ಟರು. ನನ್ನ ನಾದಿನಿಗೆ ಬೇಕಾದದ್ದು ಮೂವತ್ನಾಲ್ಕು, ಕಪ್ ಡಿ. ಡಿ ಎಂಬ ಅಕ್ಷರ ಕಿವಿಗೆ ಬಿದ್ದದ್ದೇ ನಾನು ಅತ್ತ ಇತ್ತ ನೋಡಿದೆ. ಬೀಬಿ ಮಾತ್ರ ಟೊಮ್ಯಾಟೊ ತೂಗುವವರಷ್ಟು ನಿರಾಳವಾಗಿದ್ದರು.

ಅವಳ ಭುಜದ ಮೇಲೆ ಪಟ್ಟಿ ಕೊರೆದ ಕೆಂಪು ಗೆರೆಗಳನ್ನು ಬೆರಳಿನಿಂದ ಸವರಿ, “ಭುಜ ಏನು ಹಮಾಲನಾ, ಭಾರ ಹೊರೋಕೆ? ಭಾರ ಹೊರಬೇಕಾದ್ದು ಕೆಳಗಿನ ಪಟ್ಟಿ” ಎಂದರು. ಅವಳ ಭುಜ ಇಳಿಜಾರು, ಹಾಗಾಗಿ ಪಟ್ಟಿಗಳು ಕೊರಳಿನ ಕಡೆಗೆ ಹತ್ತಿರ ಇರುವುದನ್ನು ಹುಡುಕಿ ತೆಗೆದರು. ಪರದೆಯ ಹಿಂದೆ ಕಳಿಸಿ, ಹೊರಗಿನಿಂದಲೇ ಹೇಳುತ್ತ ಹೋದರು: ಹೊಸದನ್ನು ತುದಿಯ ಹುಕ್ಕಿಗೆ ಹಾಕು, ಸಡಿಲಾದಾಗ ಒಳಗಿನದಕ್ಕೆ ಹೋಗಬಹುದು. ಮುಂದಕ್ಕೆ ಬಾಗು, ಎರಡೂ ಕಡೆ ಕೈಯಿಂದ ಒಳಗೆ ಸರಿಮಾಡಿಕೊ. ಪಟ್ಟಿಯ ಅಡಿ ಎರಡು ಬೆರಳು ಹೋಗಬೇಕು, ಮೂರು ಹೋಗಬಾರದು. ಬೆನ್ನಿನ ಪಟ್ಟಿ ಮುಂದಿನದರ ನೇರಕ್ಕೇ ಇರಬೇಕು.

“ಈಗ ಕೈ ಎತ್ತು.”

ನಾನು ಪರದೆ ಸ್ವಲ್ಪ ಸರಿಸಿ ಇಣುಕಿದೆ. ಅವಳು ಕನ್ನಡಿಯ ಪಕ್ಕದ ಗೋಡೆಯ ಮೇಲೆ, ತಲೆಗಿಂತ ಒಂದು ಮೊಳ ಮೇಲಿನಿಂದ, ಬೆರಳಿನಲ್ಲಿ ಏನೋ ಬರೆಯುತ್ತಿದ್ದಳು. ಒಂದು ಸಾಲು, ಎರಡನೆಯ ಸಾಲು. ಬೆನ್ನಿನ ಪಟ್ಟಿ ಕದಲಲಿಲ್ಲ.

“ಏನು ಬರೀತಾಳೆ?” ಎಂದರು ಬೀಬಿ.

“ಕಂಪ್ಯೂಟರ್” ಎಂದೆ.

“ಅಲ್ಲಾ, ಕಂಪ್ಯೂಟರಿಗೂ ಕೈ ಎತ್ತಬೇಕಾ!”

ಆಮೇಲೆ ಟೇಪು ನನ್ನ ಕಡೆ ತಿರುಗಿತು. ಬೇಡವೆಂದರೂ ಬಿಡಲಿಲ್ಲ. ನಂಬರು ನನ್ನದು ಸರಿಯಿತ್ತು, ತೊಟ್ಟಿದ್ದರ ಕಪ್ ಮಾತ್ರ ನನಗಿಂತ ಒಂದು ಅಳತೆ ದೊಡ್ಡದು. ಇಷ್ಟು ವರ್ಷ ರವಿಕೆಯ ಮುಂಭಾಗ ಸುಕ್ಕಾಗುವುದಕ್ಕೆ ದರ್ಜಿಯನ್ನು ಬೈದಿದ್ದೆ. ನಾನೂ ಒಂದು ಜೋಡಿ ತೆಗೆದುಕೊಂಡೆ. ಬಸ್ಸಿನಲ್ಲಿ ನಿಂತು ಬರುವಾಗ ನಾದಿನಿ ಮೇಲಿನ ಸರಳು ಹಿಡಿದಿದ್ದಳು. ಪಕ್ಕದ ಸೀಟಿನವರು ಕೇಳಿದ್ದಕ್ಕೆ ಫೈಲನ್ನು ಅವರ ಮಡಿಲಿಗೆ ಕೊಟ್ಟುಬಿಟ್ಟಿದ್ದಳು.

ಶನಿವಾರ ಸಂಜೆ ಐದರಿಂದಲೇ ಬಾಗಿಲಲ್ಲಿ ನಿಂತಿದ್ದೆ. ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

“ಬರದೇನ?”

“ಬರದೇರಿ! ಮ್ಯಾಲಿನ ತುದಿಯಿಂದ ಸುರು ಮಾಡಿದೆ.”

“ಸರಿ ಬಂತೇನು?”

“ಇಲ್ರಿ. ಎರಡು ತಪ್ಪು.”

ನನ್ನ ಮುಖ ಇಳಿದಿರಬೇಕು. ಅವಳು ನನ್ನ ಕೈ ಹಿಡಿದುಕೊಂಡಳು.

“ಹಿಂದಿನ ಬೆಂಚಿನ ಒಬ್ಬಾಂವ ಕಿಸಕ್ಕಂತ ನಕ್ಕ. ತಿರುಗಿ ನಿಂತು, ಎಲ್ಲಿ ತಪ್ಪೈತಿ ಹೇಳಪಾ ಅಂತ ತೆಲುಗಿನಾಗ ಕೇಳಿದೆ. ಅವಂಗೂ ಗೊತ್ತಿರಲಿಲ್ರಿ. ಆಮ್ಯಾಲೆ ನಾನೇ ಹುಡುಕಿ, ಅಳಿಸಿ ಬರದೆ. ಇಡೀ ಬೋರ್ಡು ತುಂಬಿತ್ತು ವೈನಿ. ಸರ್ ನನ್ನ ಹೆಸರು ಬರ್ಕೊಂಡ್ರು.”

ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಬಾಗಲಕೋಟೆಯಿಂದ ಅತ್ತೆ. ಕೋರ್ಸು ಬಿಟ್ಟು ಬರುತ್ತೇನೆಂದು ತಿಳಿಸಿದ್ದ ಮಗಳು ಯಾವ ಬಸ್ಸಿಗೆ ಹೊರಡುತ್ತಾಳೆ ಎಂದು ಕೇಳಿದರು. ನಾನು ರಿಸೀವರಿಗೆ ಕೈ ಅಡ್ಡ ಹಿಡಿದು ಅವಳ ಕಡೆ ನೋಡಿದೆ.

“ಇಂಟರ್‌ವ್ಯೂ ಮುಗೀಲಿ ಅಂತ ಹೇಳ್ರಿ ಅವ್ವಗ” ಎಂದು ಅವಳು ಅಡುಗೆಮನೆಗೆ ಹೋದಳು, ಚಹಾಕ್ಕೆ ನೀರಿಡಲು.