ಮಳೆಯಿಲ್ಲದ ವರ್ಷದ ಡೇರೆ

ಎರಡು ವರ್ಷದಿಂದ ಮಳೆ ಮುಖ ತೋರಿಸದ ಊರಿನಲ್ಲಿದ್ದುಕೊಂಡು, ನೀರು ಸೋರದ ಡೇರೆ ಹುಡುಕಲು ಹೊರಟ ಮನುಷ್ಯ ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಭಾಲ್ಕಿಯ ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬಂದಾಗ ನೆರೆಹೊರೆಯವರೆಲ್ಲ ಕೊಡ ಹಿಡಿದು ಓಡಿದರೆ, ನಾನು ಕಟ್ಟೆಯ ಮೇಲೆ ಕೂತು ಯಾವ ಬಟ್ಟೆ ಎಂಥ ಮಳೆ ತಡೆಯುತ್ತದೆಂದು ಮೊಬೈಲಿನಲ್ಲಿ ಓದುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಇಂಥ ಚಟಗಳು ಬೇಗ ಅಂಟುತ್ತವೆ. ದೀಪಾವಳಿ ರಜೆಯಲ್ಲಿ ಹೆಂಡತಿ, ಮಗಳೊಂದಿಗೆ ಎರಡು ದಿನ ಬಯಲಿನಲ್ಲಿ ಡೇರೆ ಹಾಕಿಕೊಂಡಿರಬೇಕೆಂಬುದು ನನ್ನ ಆಸೆ.

“ದೇವ್ರೇ ಮಳಿ ಮರ್ತಾನ. ನೀವ್ಯಾಕ ಮರೀವಲ್ರಿ?” ಎಂದಳು ಹೆಂಡತಿ.

ಅಂಗಡಿಯ ಸಿದ್ಧ ಡೇರೆಗಳು ನಮ್ಮ ಬಿಸಿಲಿಗೆ ಹಪ್ಪಳವಾಗುತ್ತವೆಂದು ಕೇಳಿ, ಬೀದರಿನ ಹಳೆ ಪೇಟೆಯಲ್ಲಿ ತಾಡಪತ್ರಿ ಹೊಲಿಯುವ ರಶೀದ್ ಮಿಯಾರಿಗೆ ಒಂದು ಡೇರೆ ಹೊಲಿಯಲು ಹೇಳಿಟ್ಟೆ. ಸುಲ್ತಾನರ ದಂಡಿಗೆ ಡೇರೆ ಹೊಲಿದವರ ವಂಶ ತಮ್ಮದೆಂದು ಅವರು ಹೇಳುತ್ತಿದ್ದರು. ನಿಜವೋ ಸುಳ್ಳೋ, ಅವರ ಹೊಲಿಗೆಯನ್ನು ನೋಡಿದರೆ ನಂಬಬೇಕೆನಿಸುತ್ತಿತ್ತು.

ಹೆಂಡತಿಯೊಂದಿಗೆ ಅದನ್ನು ತರಲು ಹೋದ ದಿನ ಅಂಗಡಿಯಲ್ಲಿ ಔರಾದ್ ಕಡೆಯ ಕಾಶೀಬಾಯಿ ಎಂಬ ಹೆಂಗಸು ನನ್ನ ಡೇರೆಯನ್ನೇ ಸವರುತ್ತ ನಿಂತಿದ್ದಳು. ಮರುದಿನ ಬೆಳಿಗ್ಗೆ ಅವಳೂ ಗಂಡನೂ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಡುವವರು; ಅಲ್ಲಿ ಹೊಲದಲ್ಲೇ ತಿಂಗಳುಗಟ್ಟಲೆ ಇರಲು ಡೇರೆ ಬೇಕಿತ್ತು.

“ಇದು ನಿಮ್ದೇನ್ರಿ ಸರ್? ಯಾಕ, ಮನಿ ಬಿದ್ದದೇನ್ರಿ?” ಎಂದು ಕೇಳಿದಳು. ಕುಹಕವಿರಲಿಲ್ಲ, ನಿಜವಾದ ಕಳವಳವಿತ್ತು.

“ಇಲ್ಲಮ್ಮ. ಎರಡು ದಿನ ಹೊರಗ ಇದ್ದು ಬರೋಣಂತ.”

ಮನೆಯಿದ್ದೂ ಹೊರಗಿರುವುದು ಅವಳಿಗೆ ಅರ್ಥವಾದಂತೆ ಕಾಣಲಿಲ್ಲ. ನನ್ನ ಮುಜುಗರ ಮುಚ್ಚಲು ನಾನು ಬಟ್ಟೆಯ ಗುಣಗಳ ಕುರಿತು ಪಾಠ ಶುರುಮಾಡಿದೆ. ಅವಳು ಅರ್ಧ ಕೇಳಿ ಡೇರೆಯನ್ನು ಅಂಗಳದ ಬಿಸಿಲಿಗೆ ಎಳೆದು, ತಲೆಯ ಮೇಲೆ ಹೊದ್ದು ಒಳಗೆ ಕೂತಳು.

“ಮಿಯಾ, ಸೂಜಿ ತೂತಿನಾಗಿಂದ ಬೆಳಕು ಬರ್ಲತದ. ಎರಡು ಕಡಿ,” ಎಂದಿತು ಒಳಗಿನ ಧ್ವನಿ. ತಿಂಗಳಿಡೀ ಓದಿದ ನನಗೆ ಹೊಳೆಯದ ಪರೀಕ್ಷೆ ಅದು. ಮಿಯಾ ತಕರಾರಿಲ್ಲದೆ ಮೇಣ ಹಚ್ಚಿದರು.

ಇಷ್ಟೊಂದು ಯಾಕೆ ನೋಡುತ್ತೀಯೆಂದು ನನ್ನ ಹೆಂಡತಿ ಕೇಳಿದಳು. ಕಾಶೀಬಾಯಿ ಬಟ್ಟೆ ಮಡಚುತ್ತಲೇ ಹೇಳಿದಳು: “ಇಲ್ಲಿ ಹನಿ ಇಲ್ರಿ ಅಕ್ಕಾ. ಹ್ವಾದ ವರ್ಷ ಅಲ್ಲಿ ಎರಡು ದಿನ ಬಿಡ್ದೆ ಹೊಡೀತು. ನಮ್ದು ಪ್ಲಾಸ್ಟಿಕ್ಕು, ಹರದೋಯ್ತು. ಕೂಸಿಗಿ ಸೆರಗಿನಾಗ ಮುಚ್ಚಿ ಹಿಡ್ದೆ. ಸೆರಗೂ ತೊಯ್ದಿತ್ತು. ಜ್ವರ ಬಂತು. ಉಳೀಲಿಲ್ಲ.”

ಅಂಗಡಿಯಲ್ಲಿ ಉಳಿದಿದ್ದದ್ದು ತೆಳು ಪ್ಲಾಸ್ಟಿಕ್ಕು ಮಾತ್ರ. ಇನ್ನೊಂದು ಡೇರೆ ಹೊಲಿಯಲು ವಾರ ಬೇಕೆಂದರು ಮಿಯಾ. ನಾನು ತಕ್ಷಣ ಉದಾರಿಯಾದೆನೆಂದು ಬರೆಯಬೇಕೆನಿಸುತ್ತದೆ, ಆದರೆ ಆಗಲಿಲ್ಲ. ಮಗಳಿಗೆ ಮಾತು ಕೊಟ್ಟಿದ್ದೇನಲ್ಲ, ಎರಡು ದಿನದ ಸುಖ ನಮಗೂ ಬೇಡವೇ ಎಂದು ವಿಜ್ಞಾನದಷ್ಟೇ ಕಟ್ಟುನಿಟ್ಟಾಗಿ ಲೆಕ್ಕ ಹಾಕುತ್ತ ನಿಂತೆ. “ಸರ್ ಮೊದಲ ಹೇಳ್ಯಾರ. ಅವ್ರೇ ಒಯ್ಲಿ,” ಎಂದು ಕಾಶೀಬಾಯಿ ಪ್ಲಾಸ್ಟಿಕ್ಕಿನ ಕಡೆ ತಿರುಗಿದಳು. ಆಗ ನನ್ನ ಹೆಂಡತಿ ಡೇರೆಯನ್ನು ಎತ್ತಿ ಅವಳ ತೋಳಿಗೆ ಹಾಕಿದಳು. ನನ್ನನ್ನು ಕೇಳಲೂ ಇಲ್ಲ. ಪುಕ್ಕಟೆ ಒಲ್ಲೆನೆಂದು ಕಾಶೀಬಾಯಿ ಮಿಯಾರಿಗೆ ತಾನೇ ಹಣ ಕೊಟ್ಟಳು.

ಭಾಲ್ಕಿಗೆ ಮರಳುವ ಬಸ್ಸಿನಲ್ಲಿ ಮಾತ್ರ ನನಗೆ ಭಾರಿ ಹೆಮ್ಮೆ. ಹೆಂಡತಿ ಮಾಡಿದ ಪುಣ್ಯದಲ್ಲಿ ಅರ್ಧ ಪಾಲು ಕೇಳುವುದು ಗಂಡಂದಿರ ಹಳೆಯ ಅಭ್ಯಾಸ.

ಚಳಿಗಾಲವಿಡೀ ನಾನು ಮಹಾರಾಷ್ಟ್ರದ ಹವಾಮಾನ ನೋಡುತ್ತಿದ್ದೆ. ಬೇಸಿಗೆ ಹತ್ತಿದಾಗ, ಭಾಲ್ಕಿ ಸ್ಟೇಷನ್ನಿನಲ್ಲಿ ರೈಲಿಳಿದ ಗುಂಪಿನಲ್ಲಿ ಕಾಶೀಬಾಯಿ ಕಂಡಳು. ಕಪ್ಪಾಗಿದ್ದಳು, ಬಡವಾಗಿದ್ದಳು. ಕ್ಷೇಮ ವಿಚಾರಿಸುವುದನ್ನೂ ಮರೆತು ಕೇಳಿದೆ: “ಡೇರೆ ಸೋರ್ತೇನಮ್ಮ?”

“ಮಳೀನೇ ಬರಲಿಲ್ರಿ ಸರ್. ಒಂದು ಹನಿ ಇಲ್ಲ.”

ನನ್ನ ಮುಖ ಇಳಿದಿರಬೇಕು. ಬಿಟ್ಟುಕೊಟ್ಟದ್ದು ದಂಡವಾಯಿತೆಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಅವಳು ಗಂಟನ್ನು ತಲೆಯ ಮೇಲೆ ಸರಿಮಾಡಿಕೊಂಡಳು. “ಮೋಡ ಮಾತ್ರ ಆಗ್ತಿತ್ರಿ. ಮೋಡ ನೋಡಿನೂ ಅಂಜದೆ ಮಲಕೊಂಡೆರಿ,” ಎಂದು ಔರಾದ್ ಬಸ್ಸಿನ ಕಡೆ ನಡೆದಳು.