ತೋಳಿಗೆ ಕಟ್ಟಿದ ಕಾಸು

ಚಿನಕುರಳಿಯ ನಮ್ಮ ವಂಶದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಲ್ಲುಕ್ವಾರಿಯ ದೂಳು ಕುಡಿದು ಅಪ್ಪ ಓದಿಸಿದ ಡಿಗ್ರಿ ಅದು. ಹೈಸ್ಕೂಲಿನಿಂದ ಮೈಸೂರಿನ ಇಂಗ್ಲಿಷ್ ಎಂ.ಎ.ವರೆಗೂ ನಾನು ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ, ಅಪ್ಪನ ಗೆಳೆಯನಾಗಿದ್ದ ಲಾರಿ ಡ್ರೈವರ್ ಸಾಹೇಬರ ಮನೆಯಲ್ಲಿ. ಅವರ ಹೆಂಡತಿಯೇ ನನ್ನ ಖಾಲಾ, ಚಿಕ್ಕಮ್ಮ. ರಜೆಗೆ ಊರಿಗೆ ಹೋದರೆ ಬಾಯಲ್ಲಿ ಉರ್ದು ಉಳಿದಿರುತ್ತಿತ್ತು; ಅವ್ವ ಬೈದ ಮೇಲೆ ಕನ್ನಡಕ್ಕೆ ಮರಳುತ್ತಿದ್ದೆ.

ತೊಂಬತ್ತರ ದಶಕದ ನಡುವೆ ಕೊಲ್ಲಿ ದೇಶದ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸ ಸಿಕ್ಕಿತು. ಹೊರಡುವ ದಿನ ಖಾಲಾ ಹಸಿರು ಬಟ್ಟೆಯಲ್ಲಿ ನಾಣ್ಯವೊಂದನ್ನು ಸುತ್ತಿ ನನ್ನ ಬಲತೋಳಿಗೆ ಕಟ್ಟಿದಳು. ದೂರ ಹೊರಟವರಿಗೆ ಅವರಲ್ಲಿ ಹೀಗೆ ಕಟ್ಟುತ್ತಾರೆ.

“ಸಲಾಮತ್ ಆಗಿ ಸೇರ್ಕೊಂಡ್ಮೇಲೆ ಬಿಚ್ಚಿ ಬಡವರಿಗೆ ಕೊಡು ಬೇಟಾ. ಅಲ್ಲೀತನಕ ಬಿಚ್ಬೇಡ.”

ಎಡಗೈಯಲ್ಲಿ ಅವ್ವ ಕಟ್ಟಿದ ದೇವರ ದಾರವಿತ್ತು. ಅಪ್ಪ ನಕ್ಕ.

“ಎಡಕ್ಕೊಂದ್ ದೇವ್ರು, ಬಲಕ್ಕೊಂದ್ ದೇವ್ರು. ಜೋಡೆತ್ತಿನ್ ಗಾಡಿ ಆಗ್ಬುಟ್ಟೆ ಕಣ್ಲಾ! ಆ ಸೀಮೇಲಿ ಈ ಅಸ್ರು ಬಟ್ಟೆ ಕಂಡ್ರೆ ಸಾಕು, ಮನೆ ಮಗನಂಗೆ ನೋಡ್ಕತಾರೆ ಬುಡು.”

ನಾವೆಲ್ಲ ಅದನ್ನೇ ನಂಬಿದೆವು.

ಅಲ್ಲಿ ಇಳಿದ ಕೂಡಲೇ ಶಾಲೆಯ ಮುಖ್ಯಸ್ಥ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು ಕಬ್ಬಿಣದ ಬೀರುವಿನಲ್ಲಿಟ್ಟ. ಜೋಪಾನಕ್ಕೆ ಎಂದ. ಬೀಗದ ಕೈಗೊಂಚಲು ಅವನ ಸೊಂಟದಲ್ಲಿ ನೇತಾಡುತ್ತಿತ್ತು. ಅವನು ಮನಸ್ಸು ಮಾಡದೆ ನಾನು ಊರಿಗೆ ಮರಳುವಂತಿರಲಿಲ್ಲ. ಕ್ಷೇಮವಾಗಿ ಸೇರಿದೆನೆಂದು ಒಳಗೆ ಅನಿಸಲೇ ಇಲ್ಲ. ಕಾಸು ತೋಳಿನಲ್ಲೇ ಉಳಿಯಿತು.

ಒಂದು ದಿನ ಸೆಖೆಗೆ ಅಂಗಿಯ ತೋಳು ಮಡಚಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಬೆನ್ನ ಹಿಂದಿನ ಗದ್ದಲ ತಟ್ಟನೆ ನಿಂತಿತು. ತಿರುಗಿದರೆ ಬಾಗಿಲಲ್ಲಿ ಮುಖ್ಯಸ್ಥ, ಕಣ್ಣು ನನ್ನ ಬಲತೋಳಿನ ಮೇಲೆ.

“ಅದೇನು?”

“ಸಾಕಿದ ತಾಯಿ ಕಟ್ಟಿದ್ದು.”

“ನೀನು ಮುಸ್ಲಿಮನೇ?”

“ಅಲ್ಲ. ಅವಳು ಹೌದು.”

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

“ಇಲ್ಲಿ ಇದನ್ನು ಮಾಟ ಎನ್ನುತ್ತಾರೆ. ಮಕ್ಕಳ ಮನೆಯವರು ದೂರು ಕೊಟ್ಟರೆ ನಾನು ನಿನ್ನನ್ನು ಕಾಯಲಾರೆ,” ಎಂದು ಮೆಲ್ಲಗೆ ಹೇಳಿ ಬೀಗದ ಕೈ ಸವರಿದ. “ಬಿಚ್ಚು.”

ಮಕ್ಕಳೆದುರೇ ಬಿಚ್ಚಿದೆ. ಬೆವರಿಗೆ ಗಂಟು ಬಿಗಿದಿತ್ತು, ಹಲ್ಲಿನಿಂದ ಎಳೆಯಬೇಕಾಯಿತು.

ಸಂಜೆ ಗೇಟಿನ ಬಳಿ ಕಸ ಗುಡಿಸುವ ಮುದುಕ ಎಂದಿನಂತೆ ಕೈಯೊಡ್ಡಿದ. ಕಾಸು ಜೇಬಿನಲ್ಲಿ ಬೆಚ್ಚಗಿತ್ತು. ಕೊಟ್ಟುಬಿಟ್ಟರೆ ನನ್ನ ಪ್ರಯಾಣ ಇಲ್ಲಿಗೆ ಮುಗಿಯಿತೆಂದೇ ಲೆಕ್ಕ. ಹಿಂದೆ ಶಾಲೆಯ ಪಡಸಾಲೆಯಲ್ಲಿ ಮುಖ್ಯಸ್ಥನ ಬೀಗದ ಕೈಗಳ ಸದ್ದು ಹತ್ತಿರವಾಗುತ್ತಿತ್ತು.

“ಇನ್ನೂ ಸೇರ್ಕಂಡಿಲ್ಲ ಕಣಪ್ಪಾ,” ಎಂದೆ, ಅವನಿಗೆ ತಿಳಿಯದ ನಮ್ಮೂರ ಮಾತಿನಲ್ಲಿ. ಹೊರಗೆ ಬಂದು, ಭುಜಕ್ಕೆ ಇನ್ನೂ ಹತ್ತಿರವಾಗಿ, ಅಂಗಿಯೊಳಗೆ ಅದನ್ನು ಮತ್ತೆ ಕಟ್ಟಿಕೊಂಡೆ.