ಹಿಂದಕ್ಕೆ ಹೋದ ದೋಣಿ

ಗುಡ್ಡಣ್ಣನಿಗೆ ನೀರಿನ ಹೆದರಿಕೆ ಇರಲಿಲ್ಲ. ದಡದಲ್ಲಿ ನಿಂತ ಜನರದ್ದು ಇತ್ತು. ಬಾರ್ಕೂರು ಬದಿಯಲ್ಲಿ, ಹೊಳೆ ದಾಟುವ ಕಡವಿನಲ್ಲಿ ಹದಿನೆಂಟು ವರ್ಷ ದೋಣಿ ದಾಟಿಸಿದವನು. ಎಳ್ಳಮಾವಾಸ್ಯೆಯ ಸಮುದ್ರಸ್ನಾನಕ್ಕೆ ಊರೂರಿನವರು ಮುಗಿಬೀಳುವ ದಿನವೂ ‘ಇದೇ ಕಡೆಯ ದೋಣಿ’ ಎಂದು ಅವನು ಕೂಗಿದವನಲ್ಲ. “ಹ್ವಾಯ್, ಒಂದ್ ಎಲೆ ಹಾಕುದ್ರೊಳ್ಗೆ ಬತ್ತೆ” ಎನ್ನುತ್ತಿದ್ದ. ಜನ ಎಲೆಯಡಿಕೆ ಹಾಕಿ ಕಾಯುತ್ತಿದ್ದರು.

ಕೆಲಸ ಇಷ್ಟು ಸುಲಭವಾಗಿರಬಾರದೆಂದು ೧೯೬೪ರಲ್ಲಿ ಒಂದು ಸಮುದ್ರಸ್ನಾನ ಸಮಿತಿ ಹುಟ್ಟಿತು. ಆ ಎಳ್ಳಮಾವಾಸ್ಯೆಗೆ ಕಾರ್ಯದರ್ಶಿ ಲೀಲಾಧರ ಮಾಸ್ಟ್ರು ಅಂಗೈಯಗಲದ ಬ್ಯಾಡ್ಜು ಚುಚ್ಚಿಕೊಂಡು, ತಗಡಿನ ಕಹಳೆ ಹಿಡಿದು ಬಂದರು.

ಕಡವಿಗೆ ಬರಲು ಇದ್ದ ದಾರಿ ದಡದ ಗುಂಟ ನಾಲ್ಕಾಳಗಲದ ಒಂದೇ ಕಟ್ಟ. ಎಡಕ್ಕೆ ಭರತ ಏರಿ ತುಂಬಿದ ಹೊಳೆ, ಬಲಕ್ಕೆ ಯಾರದೋ ಹಿತ್ತಲಿನ ಕಲ್ಲುಗೋಡೆಯ ಪಾಗಾರ. ಗುಡ್ಡಣ್ಣ ಖಾಲಿ ದೋಣಿ ತರುತ್ತಿದ್ದಂತೆ ಮಾಸ್ಟ್ರು ಕಹಳೆಯೆತ್ತಿದರು: “ಮಹಾಜನರೇ! ಪುಣ್ಯಕಾಲ ಮುಗಿಯುವ ಮುಂಚೆ ಇದೇ ಕಟ್ಟಕಡೆಯ ದೋಣಿ! ದಯವಿಟ್ಟು ಶಿಸ್ತು ಕಾಪಾಡಿ!”

ಶಿಸ್ತಿನ ಮಾತು ಯಾರಿಗೂ ಕೇಳಿಸಲಿಲ್ಲ. ಹಿಂದಿನವರು ನೂಕಿದರು. ಮುಂದಿನವರಿಗೆ ಹೋಗಲು ಜಾಗವಿರಲಿಲ್ಲ. ಎಲ್ಲರಿಗಿಂತ ಮುಂದೆ, ಪಾಗಾರಕ್ಕೆ ಒತ್ತಿ ನಿಂತವಳು ಗುಡ್ಡಣ್ಣನ ಹೆಂಡತಿ ಕಮಲ. ಅವಳ ಬಾಯಿ ತೆರೆದಿತ್ತು; ಸ್ವರ ಬರಲಿಲ್ಲ. ಬೊಬ್ಬೆ ಹೊಡೆಯುತ್ತಿದ್ದವರು ಉಸಿರಾಡಲು ಜಾಗವಿದ್ದ ಹಿಂದಿನವರು.

“ಹಲ್ಗಿ ಹಾಕಾ, ಗುಡ್ಡ! ಎಂತ ಕಾಣ್ತಾ ನಿಂತಿದ್ದೆ?” ಎಂದರು ಮಾಸ್ಟ್ರು, ಈಗ ಕಹಳೆಯಿಲ್ಲದೆ.

ದಡಕ್ಕೆ ಹಲಗೆ ಹಾಕಿದರೆ ನಾಲ್ವರು ಹತ್ತುತ್ತಾರೆ, ನಾನೂರು ಮಂದಿ ಅವರ ಮೇಲೆ ಬೀಳುತ್ತಾರೆ. ಮೀನು ತುಂಬಿ ಬಲೆ ಬಿಗಿದರೆ ಬಾಯಿ ಎಳೆಯಬೇಡ, ಬಾಲ ಬಿಡಿಸು ಎಂದು ಅಪ್ಪ ಕಲಿಸಿದ್ದ. ಗುಡ್ಡಣ್ಣ ಹೆಂಡತಿಗೆ ಬೆನ್ನು ಹಾಕಿ ಬಿದಿರಿನ ಗಳು ಊರಿದ. ಕಟ್ಟದ ಉದ್ದಕ್ಕೂ ದೋಣಿಯನ್ನು ಹಿಂದಕ್ಕೆ, ಜನರ ಬಾಲದವರೆಗೆ ಒಯ್ದ.

“ಹ್ವಾಯ್! ದೋಣಿ ಇಲ್ಲಿತ್ತ್! ಹಿಂದ್ ಬನಿ! ಇನ್ನೂ ಹತ್ತ್ ಸರ್ತಿ ದಾಟ್ಸ್ತೆ, ಅಮಾಸಿ ಎಲ್ಲಿಗೂ ಓಡುದಿಲ್ಲ!”

ಕೊನೆಯ ಸಾಲು ತಿರುಗಿತು. ಅದರ ಮುಂದಿನ ಸಾಲು. ಮತ್ತೊಂದು. ಒಬ್ಬೊಬ್ಬರನ್ನೇ ಹತ್ತಿಸುತ್ತ ಗುಡ್ಡಣ್ಣ ಪಾಗಾರದ ಕಡೆಗೇ ನೋಡುತ್ತಿದ್ದ. ಒತ್ತು ಸಡಿಲಿದಂತೆ ಕಮಲಳ ನೀಲಿ ಸೀರೆ ಗೋಡೆಗುಂಟ ಜಾರಿ ಕುಸಿಯಿತು. ಅಲುಗಲಿಲ್ಲ. ಆಮೇಲೆ ಒಂದು ಕೈ ಎದ್ದು ಸೆರಗು ಸರಿಮಾಡಿತು.

ಜೀವ ಯಾರದ್ದೂ ಹೋಗಲಿಲ್ಲ. ಕಮಲಳ ಎರಡು ಪಕ್ಕೆಲುಬು ಮುರಿದಿದ್ದವು. ಸಮಿತಿಯ ವರದಿ ಸ್ವಯಂಸೇವಕರ ಶಿಸ್ತನ್ನು ಕೊಂಡಾಡಿ, ಅಪ್ಪಣೆಯಿಲ್ಲದೆ ಕಡವು ಬಿಟ್ಟ ದೋಣಿಯವನನ್ನು ಆಕ್ಷೇಪಿಸಿತು. ಗುಡ್ಡಣ್ಣ ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಮನೆಯ ವರದಿಯೇ ಭಾರಿಯಾಗಿತ್ತು.

“ನನ್ನ್ ಅಲ್ಲೇ ಬಿಟ್ಟಿಕ್, ದೋಣಿ ತಕಂಡ್ ಹೋದ್ರಿ ಅಲ್ದಾ?” ಎಂದು ಕಮಲ ಪ್ರತಿ ಎಳ್ಳಮಾವಾಸ್ಯೆಗೂ ಕೇಳುವಳು.

“ಹೋದ್ದಕ್ಕೇ ಅಲ್ದಾ, ಈಗ್ಳೂ ಬೈತಾ ಇಪ್ದ್ ನೀನ್!”

ನಗಲು ಹೋದರೆ ಪಕ್ಕೆ ನೋಯುತ್ತದೆಂದು ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.